ಮಠದ ಸೊತ್ತು ಮತ್ತು ಲೆಕ್ಕದ ಹೊಣೆ

ಮಠದ ಹೊಲ, ಹಣ, ಕಟ್ಟಡಗಳಿಗೆ ಒಡೆಯರಾರು, ಅವುಗಳ ಲೆಕ್ಕವನ್ನು ಕೇಳುವ ಅಧಿಕಾರವು ಯಾರಿಗುಂಟು ಎಂಬ ಪ್ರಶ್ನೆಯು ಸದ್ಭಕ್ತರ ಮನಸ್ಸಿನಲ್ಲಿ ಏಳುವುದುಂಟು. ಗುರುಭಕ್ತಿಗೆ ಕುಂದು ಬಂದೀತೆಂಬ ಅಂಜಿಕೆಯಿಂದ ಅನೇಕರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಚರಿತ್ರೆಯು ಈ ಅಂಜಿಕೆಗೆ ಆಧಾರವನ್ನು ಕೊಡುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಧರ್ಮಸಂಸ್ಥೆಗಳು ಮುಖ್ಯವಾಗಿ ಎರಡು ತೆರನಾಗಿವೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿ, ಕೆಂಗಲ್ಲಿನ ಆಂಜನೇಯಸ್ವಾಮಿಯವರ ದೇವಾಲಯಗಳು ಮುಜರಾಯಿ ಇಲಾಖೆಗೆ ಒಳಪಟ್ಟವು. ಕನಕಪುರದ ದೇಗುಲಮಠದಂತಹವು ಗುರುಪರಂಪರೆಯಿಂದ ನಡೆದುಬಂದವು. ಮುಜರಾಯಿ ದೇವಾಲಯಗಳಿಗೆ ಮೊದಲು ಮೈಸೂರು ಸಂಸ್ಥಾನದ 1927ರ ಕಾಯಿದೆಯು ಆಧಾರವಾಗಿದ್ದಿತು. 1997ರಲ್ಲಿ ರಚಿತವಾದ ಹೊಸ ಕಾಯಿದೆಯು 2003ರಲ್ಲಿ ಜಾರಿಗೆ ಬಂದಿತು. ಇದರಂತೆ ದೇವಾಲಯಕ್ಕೆ ಒಂಬತ್ತು ಮಂದಿಯ ವ್ಯವಸ್ಥಾಪನಾ ಸಮಿತಿಯುಂಟು. ಅದರಲ್ಲಿ ಅರ್ಚಕರಿಗೂ ಸ್ತ್ರೀಯರಿಗೂ ಪರಿಶಿಷ್ಟ ವರ್ಗದವರಿಗೂ ಸ್ಥಾನವಿದೆ. ಮಠಗಳನ್ನೂ ಅವಕ್ಕೆ ಸೇರಿದ ದೇವಾಲಯಗಳನ್ನೂ ಈ ಕಾಯಿದೆಯು ಹೊರಗಿರಿಸಿದೆ.

ಹಾಗಾದರೆ ಮಠವು ಯಾರಿಗೂ ಉತ್ತರ ಹೇಳಬೇಕಾದುದಿಲ್ಲವೆ? ಹಾಗಲ್ಲ. ಮಠಾಧಿಪತಿಯು ಆಂಗ್ಲ ನ್ಯಾಯದ ಅರ್ಥದಲ್ಲಿ ಟ್ರಸ್ಟಿಯಲ್ಲದಿದ್ದರೂ ಆಡಳಿತದ ಅಪಚಾರಕ್ಕೆ ಟ್ರಸ್ಟಿಯಂತೆಯೇ ಹೊಣೆಗಾರನೆಂದು ಲಂಡನ್ನಿನ ಪ್ರೀವಿ ಕೌನ್ಸಿಲು 1921ರಲ್ಲಿಯೇ ತೀರ್ಮಾನಿಸಿತು. ಸ್ವಾತಂತ್ರ್ಯಾನಂತರ, ಆಗ ಮದರಾಸು ರಾಜ್ಯಕ್ಕೆ ಸೇರಿದ್ದ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, 1954ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಮತ್ತಷ್ಟು ವಿಶದಪಡಿಸಿತು. ಧರ್ಮಕಾರ್ಯಗಳಲ್ಲಿ ಸಂಪ್ರದಾಯಕ್ಕೆ ಸ್ವಾತಂತ್ರ್ಯವುಂಟು. ಸೊತ್ತಿನ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು. ಆದರೆ ಆ ಆಡಳಿತವನ್ನೇ ಪೂರ್ಣವಾಗಿ ಕಸಿದುಕೊಳ್ಳಲಾಗದು. ಇದಲ್ಲದೆ ಸಾರ್ವಜನಿಕ ಧರ್ಮಸಂಸ್ಥೆಯಲ್ಲಿ ಹಿತವುಳ್ಳ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು, ಲೆಕ್ಕ ಒಪ್ಪಿಸಬೇಕೆಂದು ದಾವೆ ಹೂಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಅವಕಾಶವಿತ್ತಿದೆ.

ಈ ಹೊಣೆಯನ್ನು ಕಾಲವು ಇನ್ನೂ ಹೆಚ್ಚಿಸಿದೆ. ಹಿಂದೆ ಅರಸರೂ ಪಾಳೆಯಗಾರರೂ ಬಿಟ್ಟ ಇನಾಮು ಭೂಮಿಗಳು ಧರ್ಮಸಂಸ್ಥೆಗಳ ಜೀವನಾಧಾರವಾಗಿದ್ದವು. 1955ರ ಮೈಸೂರು ಕಾಯಿದೆಯು ಧಾರ್ಮಿಕ ಇನಾಮುಗಳನ್ನು ರದ್ದುಪಡಿಸಿ, ಪರಿಹಾರವಾಗಿ ತಸ್ತೀಕನ್ನು ಗೊತ್ತುಮಾಡಿತು. ಅಂದಿನಿಂದ ಮಠದ ದಾಸೋಹವೂ ಪಾಠಶಾಲೆಯೂ ಬಹುಮಟ್ಟಿಗೆ ಭಕ್ತರ ಕಾಣಿಕೆಯಿಂದಲೇ ನಡೆಯಬೇಕಾಯಿತು. ಭೂಮಿಯನ್ನು ಬಿಟ್ಟ ಅರಸನು ಈಗಿಲ್ಲ. ರಾಗಿಯ ಚೀಲವನ್ನು ಹೊತ್ತು ತರುವ ಒಕ್ಕಲಿಗನಾದರೋ ಕಣ್ಣೆದುರಿಗಿದ್ದಾನೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳು 1941ರಲ್ಲಿ ಸಿದ್ಧಗಂಗಾ ಮಠದ ಭಾರವನ್ನು ಹೊತ್ತು, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು 2019ರಲ್ಲಿ ಲಿಂಗೈಕ್ಯರಾದರು. ಅಲ್ಲಿ ಭಕ್ತನು ತಾನಿತ್ತ ಧಾನ್ಯವು ಮಕ್ಕಳ ಪಂಕ್ತಿಗೆ ಸೇರುವುದನ್ನು ಸ್ವತಃ ನೋಡಬಹುದಾಗಿದ್ದಿತು.

ನ್ಯಾಯಾಲಯವು ಕೆಡುಕಾದ ಮೇಲೆ ಬರುವ ಸಹಾಯ. ಕೆಡದಂತೆ ಕಾಯುವುದು ಮಠದ ಮತ್ತು ಭಕ್ತರ ಕೂಡು ಕರ್ತವ್ಯ. ಜಮೀನುಗಳ ಪಟ್ಟಿಯೂ ಆಯವ್ಯಯದ ಪುಸ್ತಕವೂ ವರ್ಷಕ್ಕೊಮ್ಮೆ ಜಾತ್ರೆಯ ಸಮಯದಲ್ಲಿ ಭಕ್ತರ ಮುಂದೆ ಓದಲ್ಪಡಲಿ. ಲೆಕ್ಕವನ್ನು ಕೇಳುವುದು ಗುರುದ್ರೋಹವಲ್ಲ. ಗುರುವಿನ ಪೀಠವನ್ನು ಅಪವಾದದಿಂದ ಕಾಯುವ ಸೇವೆಯೆಂದೇ ಅದನ್ನು ಭಾವಿಸತಕ್ಕುದು.