ಹುಣಸೂರು ಸೀಮೆಯ ಬಿಡಾರಗಳು

ಹುಣಸೂರು ಮೈಸೂರಿನಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ, ಲಕ್ಷ್ಮಣತೀರ್ಥ ನದಿಯ ದಂಡೆಯಲ್ಲಿರುವ ತಾಲ್ಲೂಕು ಕೇಂದ್ರ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟುವ ಈ ನದಿ ಹನಗೋಡಿನ ಅಣೆಕಟ್ಟೆ ದಾಟಿ, ಊರನ್ನು ಹಾದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರು, ಮೈಸೂರು, ಮಡಿಕೇರಿ, ಬಂಟ್ವಾಳಗಳನ್ನು ಜೋಡಿಸುವ 275ನೇ ರಾಷ್ಟ್ರೀಯ ಹೆದ್ದಾರಿ ಊರಿನ ಮೂಲಕವೇ ಹೋಗುತ್ತದೆ. ಪಶ್ಚಿಮಕ್ಕೆ ಪಿರಿಯಾಪಟ್ಟಣ, ಉತ್ತರಕ್ಕೆ ಕೃಷ್ಣರಾಜನಗರ, ದಕ್ಷಿಣಕ್ಕೆ ಹೆಗ್ಗಡದೇವನಕೋಟೆ, ನೈರುತ್ಯಕ್ಕೆ ನಾಗರಹೊಳೆಯ ಕಾಡು. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದ್ದರೂ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲು ಇಲ್ಲಿನ ಕೆಂಪು ನೆಲವನ್ನು ಚೆನ್ನಾಗಿಯೇ ಕಾಯಿಸುತ್ತದೆ. ರಾತ್ರಿ ಮಾತ್ರ ತಂಪು. ನೀರು, ಮೇವು, ದಾರಿ ಮೂರೂ ಒಂದೆಡೆ ಸಿಗುವುದರಿಂದ ಬಯಲಲ್ಲಿ ಬೀಡುಬಿಡುವ ರೂಢಿ ಈ ಸೀಮೆಗೆ ಬಹಳ ಹಳೆಯದು. ಈಚೆಗೆ ತೋಟ ಹೊಲಗಳಲ್ಲಿ ಎದ್ದಿರುವ ಪ್ರವಾಸಿ ಡೇರೆಗಳು ಆ ರೂಢಿಯ ಮುಂದುವರಿಕೆ.

ಹಳೆಯ ಬಿಡಾರಗಳಲ್ಲಿ ದೊಡ್ಡದು ದನದ್ದು. ಮೈಸೂರು ಅರಸರು ಬೆಣ್ಣೆಚಾವಡಿ ಎಂದು ಸಾಕಿದ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ದನಗಳು ಸೈನ್ಯದ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆಯುತ್ತಿದ್ದವು. 1799ರ ನಂತರ ಈ ಹಿಂಡು ಬ್ರಿಟಿಷರ ಕೈಸೇರಿತು; 19ನೇ ಶತಮಾನದಲ್ಲಿ ಅದರ ಮುಖ್ಯ ಠಾಣೆ ಹುಣಸೂರಾಯಿತು. ಮೇವು, ನೀರು ಇದ್ದಂತೆ ಹಿಂಡನ್ನು ಒಂದು ಕಾವಲಿನಿಂದ (ಹುಲ್ಲುಗಾವಲಿನಿಂದ) ಇನ್ನೊಂದಕ್ಕೆ ಹೊಡೆಯುತ್ತಿದ್ದುದರಿಂದ ಅದನ್ನು ಕಾಯುವವರ ಬಾಳೂ ಬಿಡಾರದ ಬಾಳೇ ಆಗಿತ್ತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿಗಳ ಸರ್ಕಾರಿ ಕಾರ್ಖಾನೆಗಳೂ ಇಲ್ಲಿದ್ದವು. 1864ರಲ್ಲಿ ಅವು ಮುಚ್ಚಿದ ಮೇಲೂ ಬೂಟು, ಕಂಬಳಿಗಳ ಕಸುಬು ಊರಿನಲ್ಲಿ ಉಳಿಯಿತು.

ರೈತರ ನಡುವೆ ಎರಡು ಬಗೆಯ ಬಿಡಾರ ಬಳಕೆಯಲ್ಲಿದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರುಬರು ರಾತ್ರಿ ಕುರಿಮಂದೆ ತಂಗಿಸುತ್ತಾರೆ. ಮಂದೆಗೆ ಜಾಗ, ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳು ಅಥವಾ ಹಣ. ಇನ್ನೊಂದು, ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯ ಜಾತ್ರೆಯದು. ಕಾವೇರಿಯ ಜಲಪಾತ ಮತ್ತು ಕೋದಂಡರಾಮನ ಗುಡಿಗೆ ಹೆಸರಾದ ಈ ಊರಿನಲ್ಲಿ ಜನವರಿಯ ಸಂಕ್ರಾಂತಿಯ ಹೊತ್ತಿಗೆ ದನಗಳ ಜಾತ್ರೆ ಸೇರುತ್ತದೆ. ರೈತರು ಹಳ್ಳಿಕಾರ್ ಜೋಡೆತ್ತುಗಳನ್ನು ಸಿಂಗರಿಸಿ ತಂದು, ಪೆಂಡಾಲು ಹಾಕಿ, ಅಲ್ಲೇ ಅಡುಗೆ ಮಾಡಿಕೊಂಡು ದಿನಗಟ್ಟಲೆ ತಂಗುತ್ತಾರೆ.

ಡೇರೆಗೆ ವೈಭವ ಬಂದದ್ದು ಕಬಿನಿ ಕಣಿವೆಯಲ್ಲಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಜಾಡು ಬಲ್ಲ ಜೇನುಕುರುಬ ಆದಿವಾಸಿಗಳು ಹಿಂಡನ್ನು ಪತ್ತೆ ಮಾಡುತ್ತಿದ್ದರು. ನೂರಾರು ಜನ ತಮಟೆ, ಪಂಜುಗಳೊಂದಿಗೆ ಸುತ್ತುವರಿದು ಅದನ್ನು ಹೊಳೆಯ ಕಡೆಗೆ ಅಟ್ಟುತ್ತಿದ್ದರು. ಹೊಳೆ ದಾಟಿದ ಹಿಂಡನ್ನು ಮರದ ದಿಮ್ಮಿಗಳ ದೊಡ್ಡಿಗೆ ಸೇರಿಸಿ, ಪಳಗಿದ ಆನೆಗಳ ನೆರವಿನಿಂದ ಕಟ್ಟುತ್ತಿದ್ದರು. ಇದನ್ನು ನೋಡಲು ಬರುವ ವೈಸರಾಯರಿಗೂ ಮಹಾರಾಜರ ಇತರ ಅತಿಥಿಗಳಿಗೂ ಕಾರಾಪುರದಲ್ಲಿ ಸಾಲು ಡೇರೆಗಳ ಶಿಬಿರ ಸಿದ್ಧವಾಗುತ್ತಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ನದಿಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದಾಗ ಖೆಡ್ಡಾದ ನೆಲವೂ ಹಲವು ಹಳ್ಳಿ, ಹಾಡಿಗಳೂ ಹಿನ್ನೀರಿನಲ್ಲಿ ಮುಳುಗಿದವು. ನೆಲೆ ಕಳೆದುಕೊಂಡ ಆದಿವಾಸಿಗಳ ಬವಣೆಯನ್ನು ಬಿಟ್ಟು ಈ ಕಣಿವೆಯ ಚರಿತ್ರೆ ಹೇಳುವುದು ಸರಿಯಲ್ಲ.

1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಾರಾಪುರದ ಹಳೆಯ ಅತಿಥಿಗೃಹಗಳಲ್ಲಿ ಪ್ರವಾಸಿಗಳಿಗೆ ತಂಗುದಾಣ ತೆರೆಯಿತು. ಅಲ್ಲಿ ಕಟ್ಟಡದ ಕೋಣೆಗಳ ಜೊತೆಗೆ ಡೇರೆಯ ಕುಟೀರಗಳೂ ಇವೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಬಯಲಾಗುವ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಹೀಗಾಗಿ ಬಿಸಿಲು ಹೆಚ್ಚಿದ ತಿಂಗಳುಗಳಲ್ಲೇ ಪ್ರವಾಸಿಗಳೂ ಹೆಚ್ಚು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಡೇರೆ ಅನಿವಾರ್ಯದ ಆಸರೆಯಾಗಿತ್ತು. 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ ಟಿಬೆಟನ್ ನಿರಾಶ್ರಿತರು ಡೇರೆ, ಬಿದಿರು ಗುಡಿಸಲುಗಳಲ್ಲಿದ್ದುಕೊಂಡು ಕಾಡು ಸವರಿ ಮುಸುಕಿನ ಜೋಳದ ಹೊಲ ಮಾಡಿಕೊಂಡರು. 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರ ಇಂದು ಹೆದ್ದಾರಿಯ ಪ್ರಯಾಣಿಕರಿಗೆಲ್ಲ ಗೊತ್ತಿರುವ ಸ್ಥಳ. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಟಿಬೆಟನ್ನರ ವಸತಿಯಿದೆ.

ಈಗಿನ ಪ್ರವಾಸಿ ಡೇರೆಗಳು ಹೊಲದ ಪಂಚಾಂಗಕ್ಕೆ ಹೊಂದಿಕೊಳ್ಳಬೇಕು. ಈ ಭಾಗದ ಮುಖ್ಯ ವಾಣಿಜ್ಯ ಬೆಳೆ ವರ್ಜೀನಿಯಾ ತಂಬಾಕು. ಮುಂಗಾರಿಗೆ ಮುಂಚಿನ ಮಳೆಗೆ ಸಸಿ ನೆಡುತ್ತಾರೆ. ಜುಲೈ ವೇಳೆಗೆ ಎಲೆ ಮುರಿಯುವುದು, ಬೇಯಿಸುವುದು ಶುರುವಾಗುತ್ತದೆ. ಹಸಿರೆಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎಲೆ ಬೇಯಿಸುವ ಮನೆಯೊಳಗೆ ಅಂತಸ್ತಾಗಿ ಇಳಿಬಿಡುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಕಾವು ತಗಡಿನ ಕೊಳವೆಗಳ ಮೂಲಕ ಒಳಗೆ ಹರಡುತ್ತದೆ, ಹೊಗೆ ಎಲೆಗೆ ತಾಕುವುದಿಲ್ಲ. ಎಲೆ ಹಳದಿಯಾಗುವವರೆಗೆ ಹದವಾದ ಕಾವು, ಆಮೇಲೆ ನಾಳ ಒಣಗುವವರೆಗೆ ಹೆಚ್ಚಿನ ಕಾವು. ಕಾವು ತಪ್ಪಿದರೆ ಇಡೀ ಸುತ್ತು ಕೆಡುತ್ತದೆ. ಆದ್ದರಿಂದ ಆ ಐದಾರು ದಿನ ಮನೆಯವರೊಬ್ಬರು ರಾತ್ರಿಯೂ ಬ್ಯಾರನ್ ಬಳಿಯೇ ಇರುತ್ತಾರೆ. ಎಲೆ ಕಟ್ಟೆಮಳಲವಾಡಿಯಂಥ ಹರಾಜು ಮಾರುಕಟ್ಟೆಗಳಿಗೆ ಹೋದ ಮೇಲೆ ಹೊಲದಲ್ಲಿ ರಾಗಿ, ಹುರುಳಿ, ಅವರೆ. ಇವುಗಳ ಕೊಯ್ಲಾಗಿ ನೆಲ ಖಾಲಿಯಾಗುವುದು ಬೇಸಿಗೆಯ ಹೊತ್ತಿಗೆ. ಡೇರೆಗೂ ಅದೇ ಕಾಲ.

ಬಿಸಿಲಿಗೆ ತಕ್ಕ ಡೇರೆಯೆಂದರೆ ನೆಲದಿಂದ ಎತ್ತರಿಸಿದ ಜಗಲಿ, ಅದರ ಮೇಲೆ ದಪ್ಪ ಬಟ್ಟೆಯ ಗುಡಾರ, ಅದಕ್ಕೆ ತಾಗದಂತೆ ಮೇಲೊಂದು ಹುಲ್ಲಿನ ಇಲ್ಲವೇ ಬಟ್ಟೆಯ ಮಾಡು. ಎರಡರ ನಡುವೆ ಗಾಳಿಯಾಡಿದರೆ ಒಳಗೆ ಕಾವು ನಿಲ್ಲುವುದಿಲ್ಲ. ಪಶ್ಚಿಮಕ್ಕೆ ಮಾವು, ಹೊಂಗೆ, ಹುಣಸೆಯ ನೆರಳಿದ್ದರೆ ಮಧ್ಯಾಹ್ನದ ಧಗೆ ಅರ್ಧ ಇಳಿದಂತೆ. ಮಂಚ, ಹಾಸಿಗೆ, ವಿದ್ಯುತ್, ಹೊಂದಿಕೊಂಡ ಬಚ್ಚಲು ಇದ್ದರೆ ಅದೇ ಗ್ಲಾಂಪಿಂಗ್. ನದಿಪಾತ್ರದಲ್ಲಿ, ತಗ್ಗಿನಲ್ಲಿ ಡೇರೆ ಹಾಕುವುದು ಅಪಾಯ. ಕೊಡಗಿನಲ್ಲಿ ಸುರಿದ ಮಳೆಗೆ ಇಲ್ಲಿ ಹೊಳೆ ಏರುತ್ತದೆ.

ಕಾಡಿನ ಅಂಚಿಗೆ ಬೇರೆಯೇ ಎಚ್ಚರ ಬೇಕು. ನಾಗರಹೊಳೆ 1955ರಿಂದ ಅಭಯಾರಣ್ಯ, 1988ರಿಂದ ರಾಷ್ಟ್ರೀಯ ಉದ್ಯಾನ, 1999ರಿಂದ ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ರಸ್ತೆಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡಂಚಿನ ವೀರನಹೊಸಹಳ್ಳಿಯ ಕಡೆ ಕಂದಕ, ಸೌರಬೇಲಿಗಳ ಜೊತೆಗೆ ಹಳೆಯ ರೈಲು ಕಂಬಿಗಳ ತಡೆಬೇಲಿ ಹಾಕಿದ್ದರೂ ಆನೆಗಳು ದಾಟಿ ಬರುವುದುಂಟು. ರೈತರು ಅಟ್ಟಣೆ ಕಟ್ಟಿ ಬೆಳೆ ಕಾಯುತ್ತಾರೆ. ಅಲ್ಲಿ ಜೋರು ಸಂಗೀತ, ಕಣ್ಣು ಕುಕ್ಕುವ ದೀಪ, ಬಯಲಿನ ಬೆಂಕಿ, ಎಸೆದ ಊಟ ಪ್ರಾಣಿಗೂ ಅಪಾಯ, ಅಟ್ಟಣೆಯ ಮೇಲಿನ ರೈತನಿಗೂ ಅಪಾಯ. ಕೃಷಿ ಜಮೀನಿನಲ್ಲಿ ವಸತಿ ವ್ಯವಹಾರ ನಡೆಸುವವರು ಭೂಪರಿವರ್ತನೆಯ ನಿಯಮಗಳನ್ನು ಪಾಲಿಸಿ, ಪಂಚಾಯಿತಿಯ ಪರವಾನಗಿ ಪಡೆಯಬೇಕಾಗುತ್ತದೆ. ಮಂದೆ ತಂಗಿದ ಹೊಲ ಗೊಬ್ಬರ ಪಡೆದು ಮುಂದಿನ ಬೆಳೆಗೆ ಸಿದ್ಧವಾಗುತ್ತದೆ. ಪ್ರವಾಸಿ ಡೇರೆಯೂ ತಾನು ತಂಗಿದ ನೆಲವನ್ನು ಕೆಡಿಸದೆ ರೈತನಿಗೆ ಮರಳಿಸಿದರೆ, ಬೆಲೆಯ ಏರಿಳಿತಕ್ಕೆ ಸಿಕ್ಕಿರುವ ತಂಬಾಕು ಬೆಳೆಗಾರರಿಗೆ ಅದೊಂದು ಉಪ ಆದಾಯವಾಗಬಲ್ಲದು.