‘50-30-20’ ಸೂತ್ರದಿಂದ ಸಂಬಳ ಉಳಿಯುತ್ತದೆಯೇ? ಪುತ್ತೂರು, ಸುಳ್ಯ, ಕಡಬದ ಮನೆಲೆಕ್ಕ ಹೇಳುವುದೇನು

ತಿಂಗಳ ಮೊದಲ ವಾರ ಖಾತೆಗೆ ಸಂಬಳ ಬೀಳುವ ಹೊತ್ತಿಗೆ ವಾಟ್ಸಾಪ್ ಗ್ರೂಪ್‌ಗಳಿಗೆ ಉಳಿತಾಯದ ಉಪದೇಶವೂ ಬಂದು ಬೀಳುತ್ತದೆ. ಅದರಲ್ಲಿ ಎರಡು ಸಂದೇಶಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಸಂಬಳದ ಶೇ. 50 ಅಗತ್ಯಕ್ಕೆ, ಶೇ. 30 ಆಸೆಗೆ, ಶೇ. 20 ಉಳಿತಾಯಕ್ಕೆ ಎಂದು ಹಂಚಿದರೆ ಸಾಲವೇ ಬೇಡ ಎನ್ನುವುದು. ಇನ್ನೊಂದು, ದಿನದ 20 ರೂಪಾಯಿ ಚಾ ಬಿಟ್ಟರೆ 30 ವರ್ಷದಲ್ಲಿ ಕೋಟ್ಯಧಿಪತಿ ಆಗಬಹುದು ಎನ್ನುವುದು. ನಾವು ಇವೆರಡನ್ನೂ ಪುತ್ತೂರು, ಸುಳ್ಯ, ಕಡಬ ಕಡೆಯ ಸಾಮಾನ್ಯ ಸಂಬಳದ ಮನೆಯ ಲೆಕ್ಕಕ್ಕೆ ಇಟ್ಟು ನೋಡಿದೆವು.

ಚಾ ಬಿಟ್ಟರೆ ಕೋಟಿ ಸಿಗುತ್ತದೆಯೇ?

ಇಲ್ಲ. ದಿನಕ್ಕೆ 20 ರೂ. ಅಂದರೆ ತಿಂಗಳಿಗೆ 600 ರೂ. ಇದನ್ನು 30 ವರ್ಷ ಬಿಡದೆ ಹೂಡಿ, ಪ್ರತಿ ವರ್ಷ ಶೇ. 12 ಲಾಭ ಬಂತು ಎಂದೇ ಇಟ್ಟುಕೊಂಡರೂ ಕೈಗೆ ಬರುವುದು ಸುಮಾರು 21 ಲಕ್ಷ ರೂ. ಆ ಶೇ. 12 ಲಾಭಕ್ಕೆ ಯಾರ ಖಾತರಿಯೂ ಇಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಆ 21 ಲಕ್ಷಕ್ಕೆ ಇಂದಿನ ಬೆಲೆಯಲ್ಲಿ ಸುಮಾರು 3.7 ಲಕ್ಷ ರೂ.ಗಳಷ್ಟೇ ಬೆಲೆ. ಉಳಿಸುವುದು ಒಳ್ಳೆಯದೇ. ಆದರೆ ಕೋಟಿಯ ಮಾತು ಸುಳ್ಳು.

50-30-20 ಎಲ್ಲಿಂದ ಬಂತು?

ಈ ಸೂತ್ರವನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೇಲಿಯಾ ವಾರೆನ್ ತ್ಯಾಗಿ 2005ರಲ್ಲಿ ಬರೆದ ಪುಸ್ತಕ. ಅದು ಅಮೆರಿಕದ ಕುಟುಂಬಗಳ ತೆರಿಗೆ ಕಳೆದ ಆದಾಯಕ್ಕೆ ಹಾಕಿದ ಲೆಕ್ಕ. ನಮ್ಮಲ್ಲಿನ ಚಿತ್ರ ಬೇರೆ. ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಮನೆಗಳು ಮಾಡುವ ಒಟ್ಟು ಖರ್ಚಿನಲ್ಲಿ ಆಹಾರದ್ದೇ ಸುಮಾರು ಶೇ. 47. ನಗರಗಳಲ್ಲಿ ಇದು ಸುಮಾರು ಶೇ. 40. ಊಟಕ್ಕೇ ಇಷ್ಟು ಹೋದರೆ ಬಾಡಿಗೆ, ಬಸ್ಸು, ಔಷಧಿ ಎಲ್ಲವೂ ‘ಅರ್ಧ’ದೊಳಗೆ ಹಿಡಿಯುವುದು ಹೇಗೆ?

ಒಂದು ಉದಾಹರಣೆ ನೋಡೋಣ. ನಾಲ್ಕು ಜನರ ಮನೆ, ಕೈಗೆ ಬರುವ ಸಂಬಳ 25,000 ರೂ. (ಅಂಕಿಗಳು ನಾವು ಲೆಕ್ಕಕ್ಕೆ ಹಾಕಿಕೊಂಡವು. ನಿಮ್ಮ ಮನೆಯ ಅಂಕಿ ಬದಲಿಸಿಕೊಳ್ಳಿ.) ಬಾಡಿಗೆ 5,000, ಊಟ-ದಿನಸಿ 9,000, ಓಡಾಟ 2,500, ಗ್ಯಾಸ್-ಕರೆಂಟ್-ಮೊಬೈಲ್ 1,500, ಔಷಧಿ 1,000. ಒಟ್ಟು 19,000 ರೂ., ಅಂದರೆ ಶೇ. 76. ಈ ಮನೆಯವರು ದುಂದುಗಾರರಲ್ಲ. ಸೂತ್ರ ಅವರ ಅಳತೆಗೆ ಹೊಲಿದದ್ದಲ್ಲ, ಅಷ್ಟೆ.

ನಿಜವಾದ ಸೋರಿಕೆ ಎಲ್ಲಿ?

ಈ ಲೆಕ್ಕದಲ್ಲಿ ತಿಂಗಳಿಗೆ 6,000 ರೂ. ಉಳಿಯಬೇಕು. ಆದರೂ ಅನೇಕ ಮನೆಗಳಲ್ಲಿ ಜೂನ್ ಬಂದಾಗ ಸಾಲ ಆಗುತ್ತದೆ. ಕಾರಣ, ಸಂಬಳ ತಿಂಗಳಿಗೊಮ್ಮೆ ಬಂದರೂ ದೊಡ್ಡ ಖರ್ಚುಗಳು ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ, ಋತುವಿನ ಲೆಕ್ಕದಲ್ಲಿ ಬರುತ್ತವೆ. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ಅದರ ಹಿಂದೆ ಮುಂದೆ ಮದುವೆ, ಗೃಹಪ್ರವೇಶಗಳ ಸಾಲು. ಅದು ಮುಗಿಯುವಷ್ಟರಲ್ಲಿ ಶಾಲೆ ಆರಂಭ. ಜೊತೆಗೇ ಮಳೆ: ಕೊಡೆ, ಚಪ್ಪಲಿ, ಟಾರ್ಪಾಲು, ಮಾಡಿನ ಹಂಚು.

ನಮ್ಮ ಹಿರಿಯರಿಗೆ ಇದು ಹೊಸ ವಿಷಯವಲ್ಲ. ಆಟಿ ತಿಂಗಳಲ್ಲಿ ಕೆಲಸವೂ ಕಡಿಮೆ, ಕೈಯಲ್ಲಿ ಕಾಸೂ ಕಡಿಮೆ ಎಂದು ಗೊತ್ತಿದ್ದೇ ಬೇಸಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ಒಣಮೀನು, ಕಟ್ಟಿಗೆ ಕೂಡಿಡುತ್ತಿದ್ದರು. ಅದು ವರ್ಷದ ಬಜೆಟ್. ಸಂಬಳದ ಕಾಲಕ್ಕೆ ಬಂದ ಮೇಲೆ ನಾವು ಆ ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಮಾತ್ರ ಇಟ್ಟುಕೊಂಡೆವು.

ಹಾಗಾದರೆ ಏನು ಮಾಡಬಹುದು?

ವರ್ಷದ ದೊಡ್ಡ ಖರ್ಚುಗಳನ್ನು ಒಂದು ಹಾಳೆಯಲ್ಲಿ ಬರೆದು, 12ರಿಂದ ಭಾಗಿಸಿ. ಅದೇ ಉದಾಹರಣೆಯ ಮನೆಯಲ್ಲಿ:

• ಇಬ್ಬರು ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರ: 15,000
• ಹಬ್ಬ, ಜಾತ್ರೆ: 5,000
• ಮದುವೆ, ಗೃಹಪ್ರವೇಶಕ್ಕೆ ಹೋಗಿಬರುವುದು: 5,000
• ಸ್ಕೂಟರ್ ವಿಮೆ, ಸರ್ವಿಸ್: 5,000
• ಮಳೆಗಾಲದ ತಯಾರಿ: 4,000
• ಕನ್ನಡಕ, ಹಲ್ಲು ಇತ್ಯಾದಿ: 2,000

ಒಟ್ಟು 36,000 ರೂ. ತಿಂಗಳಿಗೆ 3,000. ಅಂದರೆ ‘ಉಳಿದಿದೆ’ ಎಂದುಕೊಂಡ 6,000ದಲ್ಲಿ ಅರ್ಧ ಆಗಲೇ ಖರ್ಚಾಗಿದೆ. ನಮಗೆ ಕಾಣುತ್ತಿರಲಿಲ್ಲ, ಅಷ್ಟೆ. ಸಂಬಳ ಬಂದ ದಿನವೇ ಈ 3,000ವನ್ನು ಬೇರೆ ಖಾತೆಗೆ ಹಾಕಿ. ಇನ್ನುಳಿದ 3,000ದಲ್ಲಿ 1,500 ಆಪತ್ತಿಗೆ, 1,500 ಮನೆಯವರ ಇಷ್ಟದ ಖರ್ಚಿಗೆ. ಮೊದಲ ವರ್ಷ ನಿಧಿ ತುಂಬುವ ಮೊದಲೇ ಖರ್ಚು ಬರಬಹುದು. ಆದ್ದರಿಂದ ಜೂನ್ ಮುಗಿದ ಕೂಡಲೇ, ಜುಲೈಯಿಂದ ಆರಂಭಿಸಿದರೆ ಒಳ್ಳೆಯದು.

ಒಟ್ಟಿಗೆ 3,000 ತೆಗೆಯಲು ಆಗದವರಿಗೂ ದಾರಿಯಿದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ದಿನಕ್ಕೆ 100 ರೂ. ತೆಗೆದಿಟ್ಟರೆ ತಿಂಗಳಿಗೆ ಅದೇ 3,000. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂ.ನಿಂದ ಆರಂಭವಾಗುತ್ತದೆ. ಆದರೆ ಅದು 5 ವರ್ಷದ್ದು, ಜೂನ್ ಖರ್ಚಿಗೆ ಹೊಂದುವುದಿಲ್ಲ. ಒಂದು ಎಚ್ಚರ: ಬ್ಯಾಂಕ್‌ಗಳಲ್ಲಿನ ಠೇವಣಿಗೆ 5 ಲಕ್ಷ ರೂ. ವರೆಗೆ ಠೇವಣಿ ವಿಮೆ ಇದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ.

ಗ್ಯಾರಂಟಿ, ಅಡಿಕೆ ಹಣವನ್ನು ಲೆಕ್ಕಕ್ಕೆ ಹಿಡಿಯಬಹುದೇ?

ಹಿಡಿಯಬಹುದು, ಆದರೆ ಜಾಗ್ರತೆಯಿಂದ. ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮಾತ್ರ ಉಚಿತ, ಖಾಸಗಿ ಬಸ್ಸಿನಲ್ಲಿ ಇಲ್ಲ. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು ಹೆಚ್ಚು ಓಡುವಾಗ ಮೀಟರ್ ನೋಡುತ್ತಿರಿ. ಗೃಹಲಕ್ಷ್ಮಿಯ 2,000 ರೂ. ಪ್ರತಿ ತಿಂಗಳು ಅದೇ ದಿನ ಬರುತ್ತದೆಂದು ನಂಬಿ ಕಂತು ಕಟ್ಟುವ ಸಾಲ ಮಾಡಬೇಡಿ. ಬಂದಾಗ ವರ್ಷದ ನಿಧಿಗೆ ಸೇರಿಸಿ. ಮನೆ ಹಿಂದಿನ ನಾಲ್ಕು ಅಡಿಕೆ ಮರದ ಆದಾಯವೂ ಹಾಗೆಯೇ. ಹಳದಿ ಎಲೆ ರೋಗ ಸುಳ್ಯದ ಎಷ್ಟೋ ತೋಟಗಳನ್ನು ಬರಿದು ಮಾಡಿದೆ. ಅಡಿಕೆ ಹಣ ಸಂಬಳದಂತೆ ಖಚಿತವಲ್ಲ.

ಸಾಲ ಮಾಡಲೇಬೇಕಾದರೆ?

‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂದರೆ ಕಡಿಮೆ ಅನಿಸುತ್ತದೆ. ಅದು ತಿಂಗಳಿಗೆ, ಅಂದರೆ ವರ್ಷಕ್ಕೆ ಶೇ. 36. ಶಾಲೆ ಖರ್ಚಿಗೆ 15,000 ರೂ. ತಂದು ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ತಿಂಗಳಿಗೆ 450. ಹತ್ತು ತಿಂಗಳಲ್ಲಿ 4,500 ಹೋಗಿರುತ್ತದೆ, ಅಸಲು ಹಾಗೆಯೇ ಕೂತಿರುತ್ತದೆ. ಮುಂದಿನ ಜೂನ್ ಬಾಗಿಲಲ್ಲಿರುತ್ತದೆ.

ಆರ್‌ಬಿಐಯ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂ. ವರೆಗೆ ಆದಾಯವಿರುವ ಕುಟುಂಬಕ್ಕೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ, ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಆದರೆ ಅರ್ಧದವರೆಗೆ ಸಾಲ ಸಿಗುತ್ತದೆ ಎಂದರೆ ಅಷ್ಟು ಕಟ್ಟಲು ಆಗುತ್ತದೆ ಎಂದಲ್ಲ. ನಮ್ಮ ಉದಾಹರಣೆಯಲ್ಲಿ 12,500 ಕಂತಿಗೆ ಹೋದರೆ ಉಳಿದದ್ದು ಬಾಡಿಗೆ ಮತ್ತು ಊಟಕ್ಕೇ ಸಾಲದು. ಸಹಿ ಹಾಕುವ ಮೊದಲು ಬ್ಯಾಂಕ್ ಅಥವಾ ಹಣಕಾಸು ಕಂಪನಿಯಿಂದ ಒಟ್ಟು ಬಡ್ಡಿ, ಶುಲ್ಕ ತೋರಿಸುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. ಸಾಲದ ಆ್ಯಪ್‌ಗಳ ಹೆಸರಲ್ಲಿ ವಂಚನೆಯಾದರೆ, ಬೆದರಿಕೆ ಬಂದರೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

ಚಾ ಬಿಟ್ಟು ಕೋಟಿ ಗಳಿಸುವ ಸಂದೇಶ ಸುಳ್ಳು. 50-30-20 ಸುಳ್ಳಲ್ಲ, ಆದರೆ ಸಾಮಾನ್ಯ ಸಂಬಳದ ಮನೆಗೆ ಅಳತೆಗೋಲೂ ಅಲ್ಲ. ಅದು ಹೊಂದಲಿಲ್ಲವೆಂದು ಮನೆ ನಡೆಸುವವರನ್ನು ದೂರಬೇಕಾಗಿಲ್ಲ. ಈ ಸಂಜೆ ಮನೆಯವರೆಲ್ಲ ಕೂತು, ಬರುವ ಹನ್ನೆರಡು ತಿಂಗಳ ದೊಡ್ಡ ಖರ್ಚುಗಳನ್ನು ಬರೆದು ಕೂಡಿಸಿ ನೋಡಿ. ಆ ಸಂದೇಶ ಮತ್ತೆ ಗ್ರೂಪಿಗೆ ಬಂದರೆ, ಈ ಲೆಕ್ಕವನ್ನೂ ಅಲ್ಲಿಗೆ ಕಳುಹಿಸಿ.