ಮಿಷಿನ್ನಿನ ಹಲ್ಲು

ಹೊಸಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ಕುಳಿತಿದ್ದೆ. ಜೀನ್ಸ್ ಪ್ಯಾಂಟಿನ ಕಾಲಂಚು ಮಡಚಿ ಹೊಲಿಯುತ್ತಿದ್ದ ಹೆಣ್ಣುಮಗಳು ತಟ್ಟನೆ ಮಿಷಿನ್ ನಿಲ್ಲಿಸಿ, “ಅಣ್ಣಾ, ಬಟ್ಟಿ ಎಳೀವಲ್ದು, ಹಲ್ಲು ನೋಡ್ರಿ” ಅಂದಳು. ಮೆಕ್ಯಾನಿಕ್ ಬಂದು ಸೂಜಿ ತೆಗೆದ, ಎರಡು ಸ್ಕ್ರೂ ಬಿಚ್ಚಿ ಸೂಜಿಯ ಕೆಳಗಿನ ತಗಡನ್ನು ಪಕ್ಕಕ್ಕಿಟ್ಟ. ಅಡಿಯಲ್ಲಿ ಉಕ್ಕಿನ ಹಲ್ಲಿನ ಸಾಲು, ಸಂದುಸಂದಿನಲ್ಲಿ ಗಟ್ಟಿಯಾಗಿ ಕೂತ ನೀಲಿ ನೂಲಿನ ಧೂಳು. ಬ್ರಷ್ಷಿನಿಂದ ಧೂಳು ತೆಗೆದು, ಉಗುರಿನಿಂದ ಒಂದೊಂದೇ ಮೊನೆ ಮುಟ್ಟಿ ನೋಡಿ, “ಸವದಿಲ್ಲವ್ವಾ, ತಗ್ಗ್ಯಾವ” ಎಂದ.

ಮಿಷಿನ್ ತಲೆಯನ್ನು ಹಿಂದಕ್ಕೆ ಒರಗಿಸಿ, ಕೆಳಗಿನ ಸ್ಕ್ರೂ ಸಡಿಲಿಸಿ, ಹಲ್ಲಿನ ಪಟ್ಟಿಯನ್ನು ಕೂದಲೆಳೆಯಷ್ಟು ಎತ್ತಿ ಬಿಗಿದ. ಕಸುಬಿನ ಗುಟ್ಟು ಆ ಕೂದಲೆಳೆಯಲ್ಲೇ ಇದೆ. ತೆಳು ಬಟ್ಟೆಗೆ ಹಲ್ಲು ತಗಡಿನ ಮೇಲೆ ಸುಮಾರು 0.8 ಮಿಲಿಮೀಟರ್ ಎದ್ದರೆ ಸಾಕು. ಜೀನ್ಸಿನಂಥ ದಪ್ಪ ಬಟ್ಟೆಗೆ 1.2ರ ಹತ್ತಿರ ಬೇಕು. ತೆಳು ಬಟ್ಟೆಗೆ ಹೆಚ್ಚು ಎತ್ತಿದರೆ ಹೊಲಿಗೆ ಸುಕ್ಕುಗಟ್ಟುತ್ತದೆ. ಜೀನ್ಸಿಗೆ ಸಾಲದೆ ಬಂದರೆ ಬಟ್ಟೆ ಸರಿಯದೆ ಸೂಜಿ ಇದ್ದಲ್ಲೇ ಕುಟ್ಟುತ್ತದೆ. ಸುಕ್ಕು ಬಿಡದಿದ್ದರೆ ಹಲ್ಲಿನ ಮುಂತುದಿಯನ್ನು ತುಸು ಮೇಲೆ ಮಾಡುವುದೂ ಉಂಟು. ಕೊನೆಗೆ ದಾರವಿಲ್ಲದೆ ಒಂದು ಕಾಗದದ ಚೂರು ಓಡಿಸಿ, ಅದರ ಬೆನ್ನಿಗೆ ಮೂಡಿದ ಹಲ್ಲಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿದ. ಎರಡು ಸಾಲೂ ಸಮನಾಗಿ ಬಿದ್ದಿದ್ದವು.

ಹಲ್ಲು ಏಳುವುದು, ಬಟ್ಟೆಯನ್ನು ಸರಿಸುವುದು, ಇಳಿಯುವುದು, ಮೊದಲ ಜಾಗಕ್ಕೆ ಮರಳುವುದು: ಈ ನಾಲ್ಕು ನಡೆಯ ಏರ್ಪಾಡಿಗೆ ಅಮೆರಿಕದ ಆಲನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ. ಇಂಗ್ಲಿಷಿನಲ್ಲಿ ಈ ಹಲ್ಲಿನ ಪಟ್ಟಿ ‘ಫೀಡ್ ಡಾಗ್’. ಕಚ್ಚಿ ಹಿಡಿಯುವ ಕಬ್ಬಿಣದ ಸಾಧನವನ್ನು ನಾಯಿ ಎಂದು ಕರೆಯುವ ರೂಢಿ ಆ ಭಾಷೆಯಲ್ಲಿ ಹಳೆಯದು. ಆದರೆ ಆ ಹೆಣ್ಣುಮಗಳಿಗೆ ಹೊಸ ಹೆಸರಿನ ಹಂಗು ಬೇಕಾಗಲಿಲ್ಲ. ಬಾಚಣಿಗೆಗೆ, ಗರಗಸಕ್ಕೆ, ಜಿಪ್ಪಿಗೆ ಇರುವ ಹಲ್ಲೇ ಇದಕ್ಕೂ ಆಯಿತು.

ಈ ಹಲ್ಲು ಹಳಗನ್ನಡದಲ್ಲಿ ‘ಪಲ್’. ತಮಿಳರ ಬಾಯಲ್ಲಿ ಅದು ಇಂದಿಗೂ ಪಲ್. ತೆಲುಗಿನಲ್ಲಿ ಒಂದಾದರೆ ಪನ್ನು, ಹಲವಾದರೆ ಪಳ್ಳು. ಹತ್ತಿರದ ಕಂಪ್ಲಿಯ ಕಡೆ ತೆಲುಗು ಮನೆಮಾತಿನವರು ಬಹಳ. ಒಂದೇ ಬೆಂಚಿನ ಮೇಲೆ ಒಬ್ಬರು ಹಲ್ಲು ಅನ್ನುತ್ತಾರೆ, ಪಕ್ಕದವರು ಪಳ್ಳು ಅನ್ನುತ್ತಾರೆ. ಸಾವಿರ ವರ್ಷದ ಹಿಂದಿನ ಕನ್ನಡದ ಪಕಾರ ಅಲ್ಲಿ ನೆರೆಯವರ ನಾಲಿಗೆಯ ಮೇಲೆ ಉಳಿದಿದೆ.

ಪಕಾರ ಹಕಾರವಾದ ಕಥೆಯನ್ನು ಕೇಳಲು ಈ ಸೀಮೆಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಪಂಪೆ ಹಂಪೆಯಾದದ್ದು ಇಲ್ಲೇ. ತುಂಗಭದ್ರೆಯ ಹಳೆಯ ಹೆಸರು ಪಂಪಾ. ಹೊಳೆಯ ಹೆಸರು ಊರಿಗೆ ಬಂದು, ಊರು ಬಾಯಿಂದ ಬಾಯಿಗೆ ಸವೆದು ಹಂಪೆಯಾಯಿತು. ಹೊಸಪೇಟೆಯ ‘ಹೊಸ’ ಹಿಂದೆ ‘ಪೊಸ’. ‘ಹೊಲಿ’ ಎಂಬುದೇ ‘ಪೊಲಿ’. ಅಂದರೆ ಹೊಸಪೇಟೆಯಲ್ಲಿ ಕೂತು ಹಲ್ಲು ಸರಿಮಾಡಿಸಿ ಹೊಲಿಯುವಾಗ ಊರು, ಉಪಕರಣ, ಕೆಲಸ ಮೂರರ ಹೆಸರೂ ಒಂದೇ ಹಾದಿ ನಡೆದು ಬಂದಿವೆ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರ ‘ಪಂಪಾಶತಕ’ ಬರೆದ; ‘ಗಿರಿಜಾಕಲ್ಯಾಣ’ದ ಚಂಪುವಿನಲ್ಲಿ ಹಳೆಯ ಕನ್ನಡ ಹಿಡಿದವನು ರಗಳೆಗಳಲ್ಲಿ ಜನರ ಮಾತಿಗೆ ಹತ್ತಿರ ಬಂದ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಈ ಪ-ಹ ಬದಲಾವಣೆಯನ್ನು ಗುರುತಿಸಿದ್ದಾನೆ.

ಮಾತಿನ ನಡುವೆ ಸಿಕ್ಕಿಕೊಂಡ ಪಕಾರ ಮಾತ್ರ ಬೇರೆ ದಾರಿ ಹಿಡಿಯಿತು. ಹತ್ತು ಬಿಡಿಯಾಗಿ ಹತ್ತು, ‘ಒಂಬತ್ತು’ ಎಂಬಲ್ಲಿ ಬತ್ತು. ಹಾಗೆಯೇ ಬಾಯಿಯ ಮುಂದಿನ ಹಲ್ಲು ‘ಮುಂಬಲ್ಲು’. ರಾಗಿ ಸೀಮೆಯ ರೈತರು ಪೈರಿನ ನಡುವೆ ಹೊಡೆಯುವ ಹಲುಬೆಯಲ್ಲೂ ಈ ಹಲ್ಲೇ ಅಡಗಿದೆ. ನೆಲದ ಮೇಲೆ ಸಾಲಾಗಿ ಎಳೆಯುವ ಮೊಳೆಹಲ್ಲು ಅದು. ಬಟ್ಟೆಯ ಕೆಳಗೆ ಸಾಲಾಗಿ ಏಳುವ ಉಕ್ಕನ್ನು ಕಂಡಾಗ ನಮ್ಮವರಿಗೆ ಹಲ್ಲೆಂಬ ಮಾತು ತಾನಾಗಿ ಬಂದದ್ದು ಸಹಜ.

ಮಿಷಿನ್ನಿನ ಹಲ್ಲಿಲ್ಲದೆ ನಡೆಯುವ ಹೊಲಿಗೆಯೂ ಈ ಸೀಮೆಯಲ್ಲಿ ಉಂಟು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ಸಿಕ್ಕಿತು. ಆ ಕೈಹೊಲಿಗೆಯಲ್ಲಿ ಬಟ್ಟೆಯನ್ನು ಸರಿಸುವುದು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು. ಎಷ್ಟು ಸರಿಸಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂಬುದನ್ನು ಬೆರಳೇ ಬಲ್ಲದು, ಅಳತೆಗೆ ಮಿಲಿಮೀಟರಿಲ್ಲ. ಕತ್ತರಿ ಕೈಗೆ ಸಿಗದಿದ್ದರೆ ದಾರ ಕಡಿಯುವುದು ಬಾಯಿಯ ಹಲ್ಲಿನಿಂದಲೇ.

ಹೊಲಿಗೆ ತರಬೇತಿಗೆ ಕನ್ನಡದಲ್ಲಿ ಪಾಠ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಮಿಷಿನ್ನಿನ ಈ ಹಲ್ಲಿಗೆ ಸಂಸ್ಕೃತದಿಂದ ಹೊಸ ಪದ ಕಟ್ಟಲು ಹೋಗಬೇಡಿ. ‘ಫೀಡ್ ಡಾಗ್’ ಎಂದು ಬರೆಯಲೇಬೇಕಾದರೆ ಬರೆಯಿರಿ, ಬಿಡಿಭಾಗ ಕೊಳ್ಳುವಾಗ ಅಂಗಡಿಯಲ್ಲಿ ಬೇಕಾಗುತ್ತದೆ. ಆದರೆ ಅದರ ಪಕ್ಕದಲ್ಲಿ ‘ಹಲ್ಲು’ ಎಂದೂ ಬರೆಯಿರಿ. ಮಿಷಿನ್ ಮುಂದೆ ಕೂರುವ ಹುಡುಗಿಗೆ ಆ ಮಾತು ಆಗಲೇ ಗೊತ್ತಿದೆ.